ಮೇಜಿನ ಆಚೆ ಕುಳಿತವರು ಸಂಬಳ ಕೊಡುವವರಲ್ಲ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಮಾರುವವರು ಯಾರು, ಕೊಳ್ಳುವವರು ಯಾರು ಎಂಬ ಗೊಂದಲ ಯಾರಿಗೂ ಆಗುವುದಿಲ್ಲ. ಎತ್ತು ಹಿಡಿದು ನಿಂತವನು ಮಾರುತ್ತಾನೆ, ಅದರ ಹಲ್ಲು ನೋಡುವವನು ದುಡ್ಡು ಕೊಡುತ್ತಾನೆ. ಉದ್ಯೋಗ ಮೇಳದ್ದೂ ಇದೇ ನ್ಯಾಯ ಆಗಬೇಕು. ದುಡಿಯಲು ಬಂದವರು ತಮ್ಮ ವಿದ್ಯೆ ತೋರಿಸಬೇಕು, ಮೇಜಿನ ಆಚೆಗಿರುವವರು ಸಂಬಳ ಹೇಳಬೇಕು. ಆದರೆ ಪೈಲಟ್ ಕೆಲಸದ ಹೆಸರಿನಲ್ಲಿ ನಮ್ಮ ನಗರಗಳ ಹೋಟೆಲ್ ಸಭಾಂಗಣಗಳಲ್ಲಿ ನಡೆಯುವ ಮೇಳಗಳಲ್ಲಿ ಎಲ್ಲ ತಿರುವುಮುರುವು. ಕೆಲಸ ಕೇಳಿಕೊಂಡು ಬಂದ ಹುಡುಗಿಯೇ ದುಡ್ಡು ಕೊಡಬೇಕು. ಎಷ್ಟು ಎಂಬುದು ಬೋರ್ಡಿನ ಮೇಲೂ ಇರುವುದಿಲ್ಲ. ಜಾತ್ರೆಯ ದಲ್ಲಾಳಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ತಿಳಿಸುವ ಹಾಗೆ, ‘ಒಳಗೆ ಬನ್ನಿ, ಕೌನ್ಸೆಲರ್ ಹೇಳ್ತಾರೆ’.

ಇಂಥ ಕಡೆ ಮಳಿಗೆ ಹಾಕುವವರು ಬಹುತೇಕ ಹಾರಾಟ ತರಬೇತಿ ಶಾಲೆಗಳು, ವಿದೇಶದ ಶಾಲೆಗಳಿಗೆ ಹುಡುಗರನ್ನು ಕಳಿಸಿಕೊಡುವ ಏಜೆಂಟರು, ಸಾಲ ಕೊಡುವವರು. ಹದಿನೇಳರ ಹುಡುಗನಿಗೆ ಬಿಳಿ ಅಂಗಿ ತೊಡಿಸಿ, ಹೆಗಲಿಗೆ ನಾಲ್ಕು ಪಟ್ಟಿ ಸಿಕ್ಕಿಸಿ, ಸಿಮ್ಯುಲೇಟರಿನ ಮುಂದೆ ಕೂರಿಸಿ ಫೋಟೊ ತೆಗೆಯುತ್ತಾರೆ. ನಾಲ್ಕು ಪಟ್ಟಿ ಕ್ಯಾಪ್ಟನ್ನನದು. ಅದಕ್ಕೆ ವರ್ಷಗಟ್ಟಲೆ ಸಹಪೈಲಟ್ ಆಗಿ ದುಡಿದಿರಬೇಕು. ಆದರೆ ಫೋಟೊ ನೋಡುವ ಅಮ್ಮನಿಗೆ ಪಟ್ಟಿ ಎಣಿಸಬೇಕೆಂದು ಯಾರು ಹೇಳಿರುತ್ತಾರೆ? ‘ಕೆಲಸ ಗ್ಯಾರಂಟಿನಾ ಸಾರ್?’ ಎಂದು ಅಪ್ಪ ಕೇಳಿದರೆ ಉತ್ತರವಾಗಿ ಬರುವುದು ಒಂದು ಸಂಖ್ಯೆ: ದೇಶಕ್ಕೆ 30,000 ಪೈಲಟ್‌ಗಳು ಬೇಕು, ಮಂತ್ರಿಗಳೇ ಹೇಳಿದ್ದಾರೆ.

ಹೇಳಿದ್ದು ನಿಜ. ಮುಂದಿನ 15–20 ವರ್ಷಗಳಲ್ಲಿ ಅಷ್ಟು ಬೇಕಾಗುತ್ತದೆ ಎಂದು ಹೇಳಿದ್ದು. ವರ್ಷಗಳ ಆ ಲೆಕ್ಕ ಮಳಿಗೆಯ ಬೋರ್ಡಿನಲ್ಲಿ ಉದುರಿಹೋಗಿರುತ್ತದೆ. ಭಾಗಿಸಿ ನೋಡಿ: ವರ್ಷಕ್ಕೆ 1,500ರಿಂದ 2,000. ಡಿಜಿಸಿಎ 2023ರಲ್ಲಿ ಕೊಟ್ಟ ವಾಣಿಜ್ಯ ಪೈಲಟ್ ಲೈಸೆನ್ಸುಗಳು 1,622. ಅಂದರೆ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಆ ಭರಾಟೆಯ ವರ್ಷದಲ್ಲೇ, ಬೇಕಾದಷ್ಟಕ್ಕೆ ಹೆಚ್ಚುಕಡಿಮೆ ಸಾಲುವಷ್ಟು ಹೊಸಬರು ಹೊರಬರುತ್ತಿದ್ದರು. ಆರ್ಡರ್ ಕೊಟ್ಟ ವಿಮಾನಗಳು ಒಂದೇ ದಿನ ಬಂದಿಳಿಯುವುದೂ ಇಲ್ಲ, ವರ್ಷಗಳ ಮೇಲೆ ಹಂಚಿಕೊಂಡು ಬರುತ್ತವೆ.

ಹಾಗಿದ್ದರೆ ಕೊರತೆ ಸುಳ್ಳೇ? ಅಲ್ಲ, ಕೊರತೆ ಬೇರೆ ಕಡೆ ಇದೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿ, ಜನ ಬೆಂಗಳೂರು, ದೆಹಲಿ ನಿಲ್ದಾಣಗಳಲ್ಲಿ ಸೂಟ್‌ಕೇಸಿನ ಮೇಲೆ ಮಲಗಿದ್ದು ನೆನಪಿರಬಹುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ, ರಾತ್ರಿ ಇಳಿಸುವಿಕೆಗಳನ್ನು ಕಡಿಮೆ ಮಾಡಿದ ನಿಯಮ ಪ್ರಕಟವಾದದ್ದು 2024ರ ಜನವರಿಯಲ್ಲಿ. ತಯಾರಿಗೆ ಹೆಚ್ಚುಕಡಿಮೆ ಎರಡು ವರ್ಷ ಸಮಯವಿತ್ತು. ಆಗ ಸಾಲದೆ ಹೋದದ್ದು ಆ ವಿಮಾನವನ್ನು ಹಾರಿಸಲು ತಯಾರಾಗಿದ್ದ, ಅದರಲ್ಲೂ ಕ್ಯಾಪ್ಟನ್ ದರ್ಜೆಯ ಪೈಲಟ್‌ಗಳು. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ ಕನಿಷ್ಠ 1,500 ಗಂಟೆಗಳ ಹಾರಾಟ ಬೇಕು. 200 ಗಂಟೆ ಮುಗಿಸಿ ಲೈಸೆನ್ಸ್ ಹಿಡಿದು ಮನೆಯಲ್ಲಿ ಕುಳಿತ ಹುಡುಗರನ್ನು ಆ ವಾರ ಯಾರೂ ಫೋನು ಮಾಡಿ ಕರೆಯಲಿಲ್ಲ. ಕ್ಯಾಪ್ಟನ್ನರ ಕೊರತೆಯನ್ನು ತೋರಿಸಿ ಪಿಯುಸಿ ಮಕ್ಕಳಿಗೆ ಸೀಟು ಮಾರುವುದು ನೀಟಾದ ಮೋಸ.

ಕೆಲಸ ನಿಜಕ್ಕೂ ಸಿಗುವ ದಾರಿ ಬೇರೆ. ವಿಮಾನಯಾನ ಕಂಪನಿ ತನ್ನ ಜಾಲತಾಣದಲ್ಲಿ ಹುದ್ದೆ ಪ್ರಕಟಿಸುತ್ತದೆ. ಲಿಖಿತ ಪರೀಕ್ಷೆ, ಮನೋಪರೀಕ್ಷೆ, ಸಂದರ್ಶನ, ಸಿಮ್ಯುಲೇಟರ್ ಇರುತ್ತವೆ. ಬಹಳ ಸಲ ಏರ್‌ಬಸ್ 320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗನ್ನು ಸ್ವಂತ ಖರ್ಚಿನಲ್ಲೇ ಮಾಡಿಕೊಂಡಿರಬೇಕು. ಲೈಸೆನ್ಸಿಗೆ ಅರ್ಧ ಕೋಟಿಯ ಆಸುಪಾಸು, ಅದರ ಮೇಲೆ ಇದು. ಕಂಪನಿಗಳದೇ ಕೆಡೆಟ್ ಯೋಜನೆಯಾದರೆ ಖರ್ಚು ಕೋಟಿ ದಾಟುತ್ತದೆ. ಕಿಂಗ್‌ಫಿಶರ್ 2012ರಲ್ಲಿ, ಜೆಟ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತುಹೋದಾಗ ಬೀದಿಗೆ ಬಂದ ಅನುಭವಿಗಳ ಜೊತೆಗೇ ಹೊಸಬರು ಸರದಿಯಲ್ಲಿ ನಿಲ್ಲಬೇಕಾಯಿತು. ಕೆಲಸವಿಲ್ಲದೆ ಕುಳಿತವರಿಗೆ ಕಾಯುವುದೂ ಪುಕ್ಕಟೆಯಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯಕೀಯ ಪರೀಕ್ಷೆ ಮತ್ತೆ ಮತ್ತೆ ಆಗಬೇಕು. ಊರಿನ ಜಮೀನು ಅಡ ಇಟ್ಟ ಮನೆಯಲ್ಲಿ ಆ ಖರ್ಚು ಕೇಳುವ ಮಗನ ಮುಖ ಹೇಗಿರುತ್ತದೆಂದು ನಾನು ವರ್ಣಿಸಬೇಕಿಲ್ಲ.

ಮೇಳದಲ್ಲೇ ಪೈಲಟ್‌ಗಳಿಗೆ ಕೆಲಸ ಸಿಗುವ ದೇಶವೂ ಇದೆ. ಅಮೆರಿಕದಲ್ಲಿ 2009ರ ಬಫಲೊ ಅಪಘಾತದ ನಂತರ ಬಂದ ಕಾನೂನಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಸಹಪೈಲಟ್‌ಗೂ 1,500 ಗಂಟೆ ಬೇಕು. ಅಷ್ಟು ಹಾರಿದವರು ಸೂಟು ತೊಟ್ಟು, ಲಾಗ್‌ಬುಕ್ ಹಿಡಿದು ಮೇಳಕ್ಕೆ ಬರುತ್ತಾರೆ. ಮೇಜಿನ ಆಚೆ ಕಂಪನಿಯ ನೇಮಕಾತಿ ಅಧಿಕಾರಿಗಳೇ ಇರುತ್ತಾರೆ. ಕೋವಿಡ್ ನಂತರದ ಪೈಲಟ್ ಬರದಲ್ಲಿ ಅಲ್ಲಿನ ಪ್ರಾದೇಶಿಕ ಕಂಪನಿಗಳು ಸೇರುವವರಿಗೇ ಬೋನಸ್ ಕೊಟ್ಟವು. ಅಲ್ಲಿಯೂ ತರಬೇತಿಯ ಸಾಲ ಸಣ್ಣದಲ್ಲ, ಅಲ್ಲಿನ ಮಾರುಕಟ್ಟೆಯೂ ಏರಿ ಇಳಿಯುತ್ತದೆ. ಆದರೂ ಉದ್ಯೋಗ ಮೇಳ ಎಂಬ ಮಾತಿಗೆ ಅಲ್ಲಿ ಅರ್ಥ ಉಳಿದಿದೆ. ನಾವು ಆ ಹೆಸರನ್ನು ಮಾತ್ರ ತಂದುಕೊಂಡೆವು.

‘ಹಳ್ಳಿ ಮಕ್ಕಳಿಗೆ ಮಾಹಿತಿಯಾದರೂ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ಸಿಗುತ್ತದೆ, ಒಪ್ಪುತ್ತೇನೆ, ಒಬ್ಬಿಬ್ಬರು ಬೋಧಕರು ಉಳಿದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ಕನ್ನಡ ಈ ವ್ಯವಹಾರದಲ್ಲಿ ಎಲ್ಲಿಯವರೆಗೆ ಬರುತ್ತದೆ ನೋಡಿ. ಕರಪತ್ರ ಸೊಗಸಾದ ಕನ್ನಡದಲ್ಲಿ, ‘ನಿಮ್ಮ ಮಗನೂ ಹಾರಬಲ್ಲ’. ಶುಲ್ಕ ಮರಳಿಸುವುದಿಲ್ಲ ಎಂಬ ಷರತ್ತು ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಪರೀಕ್ಷೆ, ರೇಡಿಯೊ ಮಾತು, ಭಾಷಾ ಸಾಮರ್ಥ್ಯದ ನಾಲ್ಕನೇ ಹಂತ, ಸಂದರ್ಶನ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇದು ದಾಟಲಾಗದ ಬೇಲಿಯೇನಲ್ಲ. ಆದರೆ ದುಡ್ಡು ಕಟ್ಟುವ ಮೊದಲು ಅದನ್ನು ಹೇಳುವಷ್ಟು ಕನ್ನಡ ಆ ಮಳಿಗೆಗಳಿಗೆ ಬರಬೇಕಿತ್ತು.

ಡಿಜಿಸಿಎ 2025ರಲ್ಲಿ ಮೊದಲ ಬಾರಿಗೆ ತರಬೇತಿ ಶಾಲೆಗಳಿಗೆ ದರ್ಜೆ ಕೊಟ್ಟಿತು. ‘ಎ’ ದರ್ಜೆ ಒಂದಕ್ಕೂ ಸಿಗಲಿಲ್ಲ. ಮೇಳದಲ್ಲಿ ಮಾತ್ರ ಎಲ್ಲರೂ ನಂಬರ್ ಒನ್. ಆ ದರ್ಜೆಯ ಪಟ್ಟಿ ಪ್ರತಿ ಮಳಿಗೆಯ ಮುಂದೆ ಕನ್ನಡದಲ್ಲಿ ತೂಗಬೇಕು, ಒಟ್ಟು ಖರ್ಚು ಬರೆದಿರಬೇಕು. ಹಾಗೆ ಮಾಡದವರಿಗೆ ಜಾಗ ಕೊಡಬಾರದು. ಇಲ್ಲವೇ ಉದ್ಯೋಗ ಎಂಬ ಪದ ತೆಗೆದು ‘ಸೀಟು ಮಾರಾಟ ಮೇಳ’ ಎಂದು ಬ್ಯಾನರ್ ಕಟ್ಟಲಿ, ಯಾರ ತಕರಾರೂ ಇರುವುದಿಲ್ಲ.

ಅಲ್ಲಿಯವರೆಗೆ, ಹೋಗಲೇಬೇಕೆನಿಸಿದವರು ಹೋಗಿ. ಮೊದಲು ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿಕೊಳ್ಳಿ. ಬಣ್ಣಗುರುಡು ಇರುವುದು ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ದುಡ್ಡು ವಾಪಸ್ ಬರುವುದು ಅನುಮಾನ. ಆಮೇಲೆ ಮಳಿಗೆಯವರನ್ನು ಇಷ್ಟು ಕೇಳಿ: ಕಳೆದ ಮೂರು ವರ್ಷದಲ್ಲಿ ನಿಮ್ಮಲ್ಲಿ ಸೇರಿದವರೆಷ್ಟು, ಲೈಸೆನ್ಸ್ ಪಡೆದವರೆಷ್ಟು, ಇವತ್ತು ಕಾಕ್‌ಪಿಟ್‌ನಲ್ಲಿ ಕುಳಿತು ಸಂಬಳ ಎಣಿಸುತ್ತಿರುವವರೆಷ್ಟು? ಹೆಸರು ಬೇಡ, ಸಂಖ್ಯೆ ಸಾಕು. ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿಕೊಡಲಿ.