ಮೊದಲನೆಯ ವರ್ಗಣಿ



ಕಳೆದ ತಿಂಗಳಿನ ಒಂದು ಸಂಜೆ ಬಾಗಲಕೋಟೆಯ ನಮ್ಮ ಮನೆಗೆ ಇಳಕಲ್ಲಿನಿಂದ ಒಬ್ಬ ತರುಣಿಯು ಬಂದಳು. ಹದಿನೈದು ವರ್ಷಗಳ ಹಿಂದೆ ನನ್ನಲ್ಲಿ ಸಂಸ್ಕೃತವನ್ನು ಓದಿದ, ನೇಕಾರರ ಮನೆಯ ಮಗಳು. ಕುಶಲಪ್ರಶ್ನೆಗಳು ಮುಗಿದ ಮೇಲೆ ಆಕೆಯು ತನ್ನ ಚೀಲದಿಂದ ನಾಲ್ಕು ಪುಟಗಳ ಒಂದು ಮಾದರಿಯನ್ನು ತೆಗೆದು ನನ್ನ ಮುಂದಿಟ್ಟಳು. ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಸುದ್ದಿಗಾಗಿಯೇ ಒಂದು ಪಾಕ್ಷಿಕವನ್ನು ಹೊರಡಿಸಬೇಕು, ಅದನ್ನೇ ಮೊಬೈಲಿನಲ್ಲಿ ಓದಿ ಕೇಳಿಸಬೇಕು ಎಂಬದು ಆಕೆಯ ಸಂಕಲ್ಪ. ನೂಲಿನ ದರ, ಮಗ್ಗದ ಕೂಲಿ, ಪರೀಕ್ಷೆಯ ತಾರೀಖು, ಬಸ್ಸಿನ ವೇಳೆ, ಇಂಥವೇ ಅದರಲ್ಲಿ ತುಂಬಿದ್ದವು.

“ಒಬ್ಬ ವ್ಯಾಪಾರಸ್ಥರು ಒಂದು ವರ್ಷದ ಜಾಹೀರಾತಿನ ಹಣವನ್ನು ಮುಂಗಡವಾಗಿಯೇ ಕೊಡುತ್ತೇನೆ ಅನ್ನುತ್ತಾರೆ ಗುರುಗಳೇ. ಆದರೆ ಪ್ರತಿಯೊಂದು ಸಂಚಿಕೆಯನ್ನು ಅಚ್ಚಿಗೆ ಕಳಿಸುವ ಮೊದಲು ಅವರಿಗೆ ತೋರಿಸಬೇಕಂತೆ. ಒಲ್ಲೆನೆಂದರೆ ಅವ್ವನ ಬಳೆಗಳನ್ನು ಒತ್ತೆಯಿಡಬೇಕಾದೀತು. ಏನು ಮಾಡಲಿ?”

ನಾನು ಕೂಡಲೆ ಉತ್ತರ ಕೊಡಲಿಲ್ಲ. ನಂಜನಗೂಡಿನ ತಿರುಮಲಾಂಬೆಯವರ ಕಥೆಯನ್ನು ಹೇಳತೊಡಗಿದೆ.

1887ರಲ್ಲಿ ಹುಟ್ಟಿದ ಆ ಸಾಧ್ವಿಗೆ ಹತ್ತನೆಯ ವಯಸ್ಸಿಗೆ ಮದುವೆಯಾಯಿತು. ಹದಿನಾಲ್ಕಕ್ಕೆ ವೈಧವ್ಯ ಬಂದಿತು. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಅವರು ಮಗಳನ್ನು ಮೂಲೆಗೆ ಕೂಡ್ರಿಸದೆ ಪುಸ್ತಕಗಳ ನಡುವೆ ಬೆಳೆಸಿದರು. 1913ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಆಕೆಯು ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ, ತಮ್ಮ ‘ಸುಶೀಲೆ’ ಕಾದಂಬರಿಯಿಂದ ಅದನ್ನು ಆರಂಭಿಸಿದರು. ಅದು ಮರುಮುದ್ರಣಗಳನ್ನು ಕಂಡಿತು. ತಮ್ಮವಲ್ಲದೆ ಇತರರ ಕೃತಿಗಳನ್ನೂ ಆ ಮಾಲೆಯಲ್ಲಿ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಬರೆಯುವವರೂ ಅವರೇ, ಸಂಪಾದಿಸುವವರೂ ಅವರೇ, ಪ್ರಕಾಶಕರೂ ಅವರೇ. ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಇಷ್ಟನ್ನೂ ಒಟ್ಟಿಗೆ ಹೊತ್ತದ್ದು ಅದೇ ಮೊದಲೆಂದು ತಿಳಿದವರು ಹೇಳುತ್ತಾರೆ.

ಇಷ್ಟನ್ನು ಎಲ್ಲರೂ ಹೊಗಳಿ ಹೇಳುವರು. ಆದರೆ ಆ ಮೇಲಿನ ಮಾತೇ ನನ್ನನ್ನು ಹೆಚ್ಚಾಗಿ ಕಾಡುವದು. ಪತ್ರಿಕೆಯು ನಿಂತಿತು, ಲೇಖನಿಯೂ ನಿಂತಿತು. ಆಕೆಯು 1982ರ ವರೆಗೆ ಬದುಕಿದ್ದರೂ ಆ ಆಯುಷ್ಯದ ದೊಡ್ಡ ಭಾಗವು ಮೌನದಲ್ಲಿಯೇ ಕಳೆಯಿತು. ನಾಡು ಅವರನ್ನು ಮತ್ತೆ ನೆನೆದದ್ದು ತೀರ ಮುಪ್ಪಿನಲ್ಲಿ. ಇದಕ್ಕೆ ಪ್ರತಿಯಾಗಿ ಬೆಂಗಳೂರಿನ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕಗಳಿಗೂ ಮೇಲ್ಪಟ್ಟು ನಡೆಸಿದರು. ಅವರು 1913ರಲ್ಲಿಯೇ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದವರು. ಓದುವ ಹೆಂಗಸರು ಮೊದಲು ಒಂದೆಡೆ ಕೂಡಿದ್ದರು. ಪತ್ರಿಕೆಯು ಆಮೇಲೆ ಬಂದಿತು. ನಮ್ಮ ಕಾಲದಲ್ಲಿಯೂ, 2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟ ಜಿಲ್ಲೆಯ ಹಳ್ಳಿಯ ಹೆಂಗಸರು ‘ಖಬರ್ ಲಹರಿಯಾ’ ಎಂಬ ಪತ್ರಿಕೆಯನ್ನು ಆಡುನುಡಿಯಲ್ಲಿ ಆರಂಭಿಸಿ, ಮುಂದೆ ಅದನ್ನು ಮೊಬೈಲಿಗೂ ಒಯ್ದರು.

“ಹಾಗಾದರೆ ತಂಗೀ, ಪತ್ರಿಕೆಯನ್ನು ಆರಂಭಿಸಲಿಕ್ಕೆ ಧೈರ್ಯ ಸಾಕು, ಬಾಳಿಸಲಿಕ್ಕೆ ಮನೆಗಳು ಬೇಕು. ಒಬ್ಬರ ಸಾವಿರ ರೂಪಾಯಿಗಿಂತ ನೂರು ಮನೆಗಳ ಹತ್ತು ರೂಪಾಯಿ ಹೆಚ್ಚು ಗಟ್ಟಿ. ಒಬ್ಬನು ಮುನಿದರೆ ಸಾವಿರವೂ ಹೋಗುವದು, ಒಂದು ಮನೆಯು ಮುನಿದರೆ ಹತ್ತೇ ಹೋಗುವದು” ಎಂದೆ.

ಆಕೆಯು ನಕ್ಕು, “ನಮ್ಮ ಕೊಂಡಿ ಹಾಗೆ” ಎಂದಳು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವದು ಆ ಊರಿನ ವಿಶೇಷ ಕುಶಲತೆ. ಆಕೆಯ ತಾಯಿಯು ಅದನ್ನೇ ಮಾಡಿ ಮಗಳನ್ನು ಓದಿಸಿದವರು. ಒಂದು ಎಳೆಯು ತಪ್ಪಿದರೆ ಸೀರೆಯು ಹರಿಯುವದಿಲ್ಲ. ಆದರೆ ಕೊಂಡಿಯೇ ಇಲ್ಲದಿದ್ದರೆ ಸೆರಗೇ ಇಲ್ಲ.

ಆಗ ಸೀಸದಕಡ್ಡಿಯನ್ನು ಹಿಡಿದು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ತಿಂಗಳಿಗೆ 20 ರೂಪಾಯಿಯಂತೆ 500 ಮನೆಗಳು ಒಪ್ಪಿದರೆ 10,000 ರೂಪಾಯಿ. ಅಚ್ಚು, ಕಾಗದ, ಹಂಚುವ ಹುಡುಗರ ಕೂಲಿ ಇಷ್ಟರಲ್ಲಿಯೇ ಸಾಗಬೇಕು. ಸಾಗದಿದ್ದರೆ ಪುಟವನ್ನು ಕಡಿಮೆ ಮಾಡಬೇಕು. ಜಾಹೀರಾತನ್ನು ಅವಶ್ಯವಾಗಿ ತೆಗೆದುಕೊಳ್ಳಬೇಕು, ಹತ್ತು ಅಂಗಡಿಗಳಿಂದ ಸ್ವಲ್ಪ ಸ್ವಲ್ಪವಾಗಿ, ಕರಾರಿಲ್ಲದೆ. ಬಳೆಗಳು ತಾಯಿಯ ಕೈಯಲ್ಲಿಯೇ ಇರಲಿ. ಕಮ್ಮಾರನು ಕಡಾಯಿಗಿಂತ ಮೊದಲು ಸೂಜಿಯನ್ನು ಮಾಡಿ ಮುಗಿಸುವದಕ್ಕೆ ನಮ್ಮ ಶಾಸ್ತ್ರಕಾರರು ಸೂಚೀಕಟಾಹನ್ಯಾಯವೆಂದು ಹೆಸರಿಟ್ಟಿದ್ದಾರೆ. ಮೊದಲು ಇಳಕಲ್ಲಿನ ನಾಲ್ಕು ಓಣಿ, ಬಾದಾಮಿಯು ಆಮೇಲೆ. ಅಚ್ಚಿನ ಪತ್ರಿಕೆಗೆ ನೋಂದಣಿಯು ಬೇಕು. 1867ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2023ರ ಹೊಸ ಕಾಯಿದೆಯು 2024ರ ಮಾರ್ಚದಿಂದ ಜಾರಿಯಲ್ಲಿದ್ದು, ಅರ್ಜಿಯನ್ನು ಈಗ ಗಣಕಯಂತ್ರದ ಮೂಲಕವೇ ಕಳಿಸಬಹುದೆಂಬದನ್ನು ಆಕೆಯೇ ನನಗೆ ತಿಳಿಸಿದಳು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನವು ಸುಳ್ಳಾಗುವದು. ಇದೇ ಹುಡುಗಿಯು ಒಂಬತ್ತನೆಯ ತರಗತಿಯಲ್ಲಿದ್ದಾಗ ಮಕ್ಕಳು ಕೈಬರಹದ ಗೋಡೆಪತ್ರಿಕೆಯನ್ನು ನಡೆಸುತ್ತಿದ್ದರು. ಹುಡುಗಿಯರ ಶೌಚಾಲಯಕ್ಕೆ ಬಾಗಿಲಿಲ್ಲ, ಆದಕಾರಣ ಹಲವರು ಮಧ್ಯಾಹ್ನವೇ ಮನೆಗೆ ಹೋಗುತ್ತಾರೆ ಎಂದು ಆಕೆಯು ಅದರಲ್ಲಿ ಬರೆದಳು. ಮರುದಿನ ತಪಾಸಣೆಗೆ ಅಧಿಕಾರಿಗಳು ಬರುವವರಿದ್ದರು. ಶಾಲೆಯ ಮರ್ಯಾದೆಯ ಹೆಸರು ಹೇಳಿ ನಾನು ಅದನ್ನು ಇಳಿಸಿ, ಸುತ್ತಿ ಕಪಾಟಿನಲ್ಲಿಟ್ಟೆ. “ಇನ್ನು ಮುಂದೆ ನನಗೆ ತೋರಿಸಿ ಅಂಟಿಸಿರಿ” ಎಂದೆ. ಆ ಬಳಿಕ ಆಕೆಯು ಆ ವರ್ಷ ಏನನ್ನೂ ಬರೆಯಲಿಲ್ಲ. ಬಾಗಿಲಂತೂ ಆ ವರ್ಷ ಬರಲಿಲ್ಲ.

ವ್ಯಾಪಾರಸ್ಥರ ಕರಾರನ್ನು ಆಕೆಯು ಹೇಳಿದಾಗ ನಾನು ಸುಮ್ಮನಾದದ್ದು ಇದಕ್ಕಾಗಿ. ಆ ಕರಾರನ್ನು ಆಕೆಗೆ ಮೊದಲು ಹಾಕಿದವನು ನಾನೇ. ಇದನ್ನು ಹೇಳಿದೆ. ಆಕೆಯು ತುಸು ಹೊತ್ತು ತಲೆ ತಗ್ಗಿಸಿಕೊಂಡಿದ್ದು, “ನೆನಪಿದೆ ಗುರುಗಳೇ. ಅದಕ್ಕೇ ನಿಮ್ಮ ಕಡೆಗೇ ಬಂದೆ” ಎಂದಳು.

ನಾನು ಒಳಗೆ ಹೋಗಿ ಒಂದು ವರ್ಷದ ವರ್ಗಣಿಯೆಂದು 240 ರೂಪಾಯಿಗಳನ್ನು ತಂದುಕೊಟ್ಟೆ. ನಮ್ಮ ಮನೆಯವರು ತಮ್ಮ ಅಕ್ಕನ ಹೆಸರಿನಲ್ಲಿ ಇನ್ನೊಂದನ್ನು ಕೊಟ್ಟರು. ಮೊನ್ನೆ ಬಂದ ಸಂದೇಶದಲ್ಲಿ 37 ಮನೆಗಳ ಹೆಸರುಗಳಿವೆ; ಕರಾರಿನ ಹಣವನ್ನು ಒಲ್ಲೆನೆಂದು ಹೇಳಿ ಬಂದದ್ದೂ ಇದೆ. ಐದುನೂರಕ್ಕೆ ಇನ್ನೂ ಬಹಳ ದೂರ. ಪತ್ರಿಕೆಯು ಬಾಳುವದೋ ಇಲ್ಲವೋ, ಅದು ಆಕೆಯೊಬ್ಬಳ ಕೈಯಲ್ಲಿಲ್ಲ.

ಗೃಹಸ್ಥರೇ, ತಿಂಗಳ ಜೀನಸಿನ ಯಾದಿಯನ್ನು ಬರೆಯುವಾಗ ಚಹಾಪುಡಿಯ ಕೆಳಗೆ ಇನ್ನೊಂದು ಸಾಲಿಗೆ ಸ್ಥಳವಿದ್ದೇ ಇರುವದು. ನಿಮ್ಮ ಊರಿನ ಸುದ್ದಿಯನ್ನು ಹೆದರದೆ ಬರೆಯುವವರು ಯಾರಾದರೂ ಇದ್ದರೆ ಆ ಸಾಲಿನಲ್ಲಿ ಅವರ ಪತ್ರಿಕೆಯ ಹೆಸರನ್ನು ಬರೆಯಿರಿ. ಮುಚ್ಚಿದ ಮೇಲೆ ಕನಿಕರಪಡುವದಕ್ಕಿಂತ ಅದು ಅಗ್ಗವಾದದ್ದು.