ಲಂಟಾನಕ್ಕೆ ನೆಲ ಹದಗೊಳಿಸಿದವರಾರು?

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಿಂದ ಕೊಳ್ಳೇಗಾಲ, ಹನೂರು ಭಾಗದ ಮಲೆಮಹದೇಶ್ವರ ಬೆಟ್ಟದವರೆಗೆ ಹಬ್ಬಿರುವ ಅರಣ್ಯವು ದೂರದಿಂದ ಹಚ್ಚಹಸಿರಾಗಿ ಕಾಣುತ್ತದೆ. ಆದರೆ ಮರಗಳಡಿಯ ಆ ಹಸಿರು ಅನೇಕ ಕಡೆ ಹುಲ್ಲೂ ಅಲ್ಲ, ಎಳೆಯ ಸಸಿಗಳೂ ಅಲ್ಲ, ಲಂಟಾನದ ಪೊದೆ. ಅದರ ದಟ್ಟಣೆಯಲ್ಲಿ ಹುಲ್ಲು ಹುಟ್ಟದು, ನೆಲ್ಲಿಯ ಸಸಿ ತಲೆಯೆತ್ತದು. ಕಾಡುಪ್ರಾಣಿಗಳಿಗೆ ಮೇವು ಸಿಗದು. 1997ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಪರಿಶೀಲಿಸಿದ ತಾಣಗಳ ಪೈಕಿ ಶೇ. 41ರಲ್ಲಿ ಈ ಕಳೆಯಿತ್ತು. 2008ರ ಹೊತ್ತಿಗೆ ಅದು ಶೇ. 81ಕ್ಕೇರಿತ್ತು.

ಈ ಗಿಡ ತಾನಾಗಿ ಬಂದುದಲ್ಲ. ಅಮೆರಿಕಾ ಖಂಡದ ಉಷ್ಣ ಪ್ರದೇಶದ ಈ ಸಸ್ಯವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಉದ್ಯಾನಗಳ ಅಂದಕ್ಕಾಗಿ ಭಾರತಕ್ಕೆ ತಂದರು. ಹಕ್ಕಿಗಳು ಬೀಜ ಹರಡಿದವು, ನಿಜ. ಆದರೆ ಬೀಜಕ್ಕೆ ನೆಲ ಹದಗೊಳಿಸಿದವನು ಮನುಷ್ಯ. ದಟ್ಟ ನೆರಳಿನಲ್ಲಿ ಸೊರಗುವ ಲಂಟಾನವು ಮರ ಕಡಿದಲ್ಲಿ, ರಸ್ತೆ ತೆರೆದಲ್ಲಿ, ಹೊಲ ಪಾಳು ಬಿದ್ದಲ್ಲಿ ಕೊಬ್ಬಿ ಬೆಳೆಯುತ್ತದೆ. ಹೊರಗಿನಿಂದ ಬಂದುದೆಂಬುದೇ ಅಪರಾಧವಲ್ಲ. ನಮ್ಮ ರಾಗಿಯ ಮೂಲ ಆಫ್ರಿಕಾ, ಮೆಣಸಿನಕಾಯಿಯ ಮೂಲ ಅಮೆರಿಕಾ. ಪ್ರಶ್ನೆಯಿರುವುದು ನೆಲವನ್ನು ನಾವು ನಡೆಸಿಕೊಂಡ ಬಗೆಯಲ್ಲಿ.

ಸೋಲಿಗರು ಬೇಸಿಗೆಯ ಆರಂಭದಲ್ಲಿ, ತರಗೆಲೆ ದಪ್ಪಗೆ ಶೇಖರವಾಗುವ ಮುನ್ನ, ಹಗುರವಾದ 'ತರಗು ಬೆಂಕಿ' ಹಾಕುತ್ತಿದ್ದರು. ಅದು ಮರಗಳನ್ನು ಸುಡುತ್ತಿರಲಿಲ್ಲ. ಹೊಸ ಹುಲ್ಲಿಗೆ ದಾರಿ ಮಾಡುತ್ತಿತ್ತು, ಕಳೆಯ ಎಳೆಯ ಸಸಿಗಳನ್ನು ಕೊಲ್ಲುತ್ತಿತ್ತು. 1974ರಲ್ಲಿ ಬೆಟ್ಟವು ವನ್ಯಧಾಮವಾದ ಬಳಿಕ ಬೆಂಕಿ ನಿಷಿದ್ಧವಾಯಿತು, ಸ್ಥಳಾಂತರ ಬೇಸಾಯ ನಿಂತಿತು, ಜನರು ಪೋಡುಗಳಿಗೆ ಸೀಮಿತರಾದರು. ಆ ಬಳಿಕವೇ ಲಂಟಾನ ಮಿತಿಮೀರಿತೆಂದು ಸೋಲಿಗರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬೆಂಕಿಯೊಂದೇ ಕಾರಣವಲ್ಲದಿರಬಹುದು. ಆದರೆ ಕಾಡನ್ನು ಬಲ್ಲವರ ಮಾತನ್ನು ಕೇಳದೆ ಕಾಡಿನ ನೀತಿ ರೂಪಿಸಿದ್ದು ವಿವೇಕವಾಗಿರಲಿಲ್ಲ.

ಕುರ್‌ಆನ್ ಮಾನವನನ್ನು ಭೂಮಿಯ ಒಡೆಯನೆಂದಲ್ಲ, ಅಲ್ಲಾಹನ ಪ್ರತಿನಿಧಿಯೆಂದು ಪರಿಗಣಿಸುತ್ತದೆ. ಭೂಮಿಯು ಅವನ ಕೈಯಲ್ಲಿರುವ ಅಮಾನತ್ತು. ಪ್ರವಾದಿ ಮುಹಮ್ಮದ್(ಸ)ರು ಹುಲ್ಲುಗಾವಲನ್ನು 'ಹಿಮಾ' ಎಂಬ ರಕ್ಷಿತ ಪ್ರದೇಶವಾಗಿಸಿದ್ದರು. ಮುಂದೆ ಖಲೀಫಾ ಉಮರ್(ರ)ರು ಹಿಮಾದ ಕಾವಲಿಗೆ ನೇಮಿಸಿದವನಿಗೆ ನೀಡಿದ ಆದೇಶ ಗಮನಾರ್ಹ: ಕೆಲವೇ ಒಂಟೆ, ಕುರಿಗಳುಳ್ಳ ಬಡವರನ್ನು ಒಳಗೆ ಬಿಡಬೇಕು, ಉಸ್ಮಾನ್(ರ), ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂತಹ ಸಿರಿವಂತರ ಮಂದೆಗಳನ್ನು ತಡೆಯಬೇಕು. ರಕ್ಷಣೆಯೆಂದರೆ ಬಡವನನ್ನು ಹೊರದಬ್ಬುವುದಲ್ಲ ಎಂಬ ಪಾಠ ಅದರಲ್ಲಿದೆ. ನಮ್ಮಲ್ಲಿ ನಡೆದುದು ಇದರ ವಿರುದ್ಧ. ತೋಟ, ರಸ್ತೆ, ವಿಶ್ರಾಂತಿಧಾಮಗಳಿಗೆ ದಾರಿಯಿದೆ; ಜೇನು, ನೆಲ್ಲಿ ಆಯುವವನು ಅಪರಾಧಿಯಂತೆ ನಿಲ್ಲಬೇಕಾಯಿತು.

ಪರಿಹಾರದ ದಾರಿಗಳು ಮುಚ್ಚಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಮಲೆಮಹದೇಶ್ವರ ಬೆಟ್ಟದಲ್ಲಿ 2004ರಿಂದ ಲಂಟಾನದ ಕೋಲುಗಳಿಂದ ಕುರ್ಚಿ, ಬುಟ್ಟಿಗಳನ್ನು ತಯಾರಿಸುವ ಕಸುಬು ಬೆಳೆಯಿತು. ಆದರೆ ಪೀಠೋಪಕರಣವೊಂದೇ ಈ ಕಳೆಯನ್ನು ಮುಗಿಸದು. ಇಂದು ಒಮ್ಮೆಲೇ ಬೆಂಕಿ ಹಾಕಿದರೆ ಒಣಗಿದ ಪೊದೆಗಳು ಇಡೀ ಕಾಡನ್ನೇ ಸುಟ್ಟಾವು. ಮೊದಲು ಬುಡವನ್ನು ಮಣ್ಣಿನೊಳಗೆ ಕತ್ತರಿಸಿ ಕಿತ್ತು, ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲು, ಸಸಿಗಳನ್ನು ಬೆಳೆಸಿ, ಮತ್ತೆ ಚಿಗುರುವ ಕಳೆಯನ್ನು ವರ್ಷವರ್ಷವೂ ತೆಗೆಯಬೇಕು. ಒಂದು ಗುತ್ತಿಗೆಯ ಬಿಲ್ಲು ಪಾವತಿಯಾದೊಡನೆ ಮುಗಿಯುವ ಕೆಲಸ ಇದಲ್ಲ. ಅಲ್ಲಿಯೇ ಬದುಕುವವರು ಮಾತ್ರ ಮಾಡಬಲ್ಲ ಕೆಲಸ.

ಆದ್ದರಿಂದ ಸರಕಾರವು ಈ ಕಾರ್ಯವನ್ನು ಗ್ರಾಮಸಭೆಗಳಿಗೆ ವಹಿಸಲಿ, ನ್ಯಾಯವಾದ ಕೂಲಿ ಕೊಡಲಿ, ತರಗು ಬೆಂಕಿಯ ಅನುಭವವನ್ನು ಪರಿಣತರೊಂದಿಗೆ ಕೂಡಿ ಪರೀಕ್ಷಿಸಲಿ. ಬೆಟ್ಟದ ತಪ್ಪಲಿನ ನಮ್ಮ ರೈತರೂ ವ್ಯಾಪಾರಿಗಳೂ ಇದನ್ನು ಆದಿವಾಸಿಗಳ ಸಮಸ್ಯೆಯೆಂದು ಬಗೆದು ಸುಮ್ಮನಿರಬಾರದು. ಅಮಾನತ್ತಿನ ಲೆಕ್ಕವನ್ನು ನಾವೆಲ್ಲರೂ ಒಪ್ಪಿಸಲೇಬೇಕಾಗಿದೆ.