ಆನರ್ಸು ಅಂದ್ರೆ ಯಾರ ಮಾನ?



ಮೊದಲು ಒಂದು ತಪ್ಪೊಪ್ಪಿಗೆ. ಮಿಕ್ಕ ಮಾತು ಆಮೇಲೆ.

ನಾನು ಬಿ.ಎ. ಮುಗಿಸಿ, ಕೆಲಸ ಸಿಗದೆ, ಹಳೇ ಹಾಸ್ಟೆಲಿನ ರೂಮಿನಲ್ಲೇ ತಮ್ಮಂದಿರ ಪಕ್ಕ ಚಾಪೆ ಹಾಸಿಕೊಂಡಿದ್ದ ದಿನಗಳವು. ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗ ಒಂದು ಕಾಗದ ಹಿಡಿದು ಬಂದ. ಬೆಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ಕಾಗದ ಅದು. ಆಸಕ್ತಿ ಮತ್ತು ಛಲ ಇರುವ ವಿದ್ಯಾರ್ಥಿಗಳಿಗೆ ಆನರ್ಸ್ ಕೋರ್ಸು ಇದೆ, ಯಾಕೆ ಸೇರಬೇಕು ಅಂತ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಕಳಿಸಿ ಎಂದು ಅದರಲ್ಲಿತ್ತು. ಈ ಹುಡುಗನ ಅವ್ವ ರೇಷ್ಮೆ ಸೊಪ್ಪು ಕೊಯ್ಯೋ ಕೂಲಿಗೆ ಹೋಗ್ತಾಳೆ. ಇವನು ಶನಿವಾರ ಭಾನುವಾರ ಮದುವೆ ಛತ್ರಗಳಲ್ಲಿ ಊಟ ಬಡಿಸಿ ಕೈಖರ್ಚು ಮಾಡ್ಕೊಳ್ತಾನೆ. ಪುಸ್ತಕ ಕೊಟ್ಟರೆ ರಾತ್ರಿ ನಿದ್ದೆ ಬಿಟ್ಟು ಓದುವವನು.

'ಅಣ್ಣಾ, ಇದನ್ನ ಬರ್ಕೊಡ್ತೀಯಾ?' ಅಂದ.

ನಾನು ಕಾಗದ ನೋಡಿದೆ. 'ಬಿಡೋ ತಮ್ಮ, ಇದು ನಮ್ಮಂಥೋರಿಗಲ್ಲ' ಅಂದೆ.

ಅವನು ನನ್ನ ಮಾತು ಮೀರಿ, ತಾನೇ ಬರೆದು, ಇಂಟರ್‌ವ್ಯೂಗೂ ಹೋಗಿ ಬಂದ. ಅಲ್ಲಿ ಯಾರೂ ಬೈಲಿಲ್ಲ. ಜಾತಿ ಕೇಳಲಿಲ್ಲ. ಕುಡಿಯಲು ನೀರೂ ಕೊಟ್ಟರಂತೆ. ಕೇಳಿದ್ದು ಒಂದೇ: ಹೋದ ಬೇಸಿಗೆ ರಜದಲ್ಲಿ ಪಠ್ಯ ಬಿಟ್ಟು ಬೇರೇನು ಓದಿದೆ, ಯಾವ ಸೆಮಿನಾರಿಗೆ ಹೋಗಿದ್ದೆ? ಇವನು ಇದ್ದದ್ದು ಇದ್ದ ಹಾಗೆ ಹೇಳಿದ: 'ರಜದಲ್ಲಿ ಕೇಟರಿಂಗ್ ಕೆಲಸ ಮಾಡಿದೆ ಸಾರ್.' ಅವರು ನಕ್ಕು, ಒಳ್ಳೇದು ಅಂದರಂತೆ. ಪಟ್ಟಿ ಬಂದಾಗ ಇವನ ಹೆಸರಿರಲಿಲ್ಲ.

ಅವರು ಬಾಗಿಲು ಹಾಕಿದ್ದು ಆಮೇಲೆ. ಮೊದಲು ಹಾಕಿದವನು ನಾನು. ಅದಕ್ಕೇ ಈ ಲೇಖನ.

ಈ ಆನರ್ಸು ಅನ್ನೋದು ಎಲ್ಲಿಂದ ಬಂತು? ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ. ಅಲ್ಲಿ ಓದಿ ಬಂದ ಫ್ರಾಂಕ್ ಏಡಲಾಟ್ ಎಂಬಾತ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ಮುಖ್ಯಸ್ಥನಾಗಿ 1922ರಲ್ಲಿ ಅದನ್ನು ಶುರು ಮಾಡಿದ. ಅದು ಕ್ವೇಕರ್ ಪಂಗಡದ ಕ್ರೈಸ್ತರು ಕಟ್ಟಿದ ಕಾಲೇಜು. ವಿಧಾನ ಸರಳ. ನಾಲ್ಕಾರು ಹುಡುಗರು ಮೇಷ್ಟರ ಜೊತೆ ಒಂದು ಮೇಜಿನ ಸುತ್ತ ಕೂರಬೇಕು. ಒಬ್ಬ ತಾನು ಬರೆದದ್ದನ್ನು ಓದಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಕೊನೆಗೆ ಹೊರಗಿನ ಪರೀಕ್ಷಕರು ಬಂದು ಪರೀಕ್ಷೆ ಮಾಡಬೇಕು. ನೋಟ್ಸ್ ಬರೆಸಿಕೊಂಡು ಉರು ಹೊಡೆಯೋ ನಮ್ಮ ಓದಿಗಿಂತ ಇದು ನೂರು ಪಾಲು ಮೇಲು. ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರಿರುವುದು ಆ ಮೇಜಿನ ಸುತ್ತ ಯಾರು ಕೂತರು ಅನ್ನೋದರ ಬಗ್ಗೆ.

ಟೆಕ್ಸಾಸಿನ ವೇಕೋ ಊರಿನಲ್ಲಿ ಬೇಲರ್ ಎಂಬ ವಿಶ್ವವಿದ್ಯಾಲಯವಿದೆ. ಬ್ಯಾಪ್ಟಿಸ್ಟ್ ಕ್ರೈಸ್ತರದು. 1845ರಲ್ಲಿ ಹುಟ್ಟಿತು. ಯಾರ ಹೆಸರು ಅದಕ್ಕಿದೆಯೋ ಆ ಜಡ್ಜ್ ಬೇಲರ್ ಗುಲಾಮರನ್ನು ಇಟ್ಟುಕೊಂಡಿದ್ದವನು. ಇದನ್ನು ನಾನು ಹೇಳ್ತಿಲ್ಲ, 2020ರಲ್ಲಿ ಆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯೇ ಒಪ್ಪಿಕೊಂಡಿದೆ. ಅಲ್ಲಿ ಆನರ್ಸ್ ಕಾರ್ಯಕ್ರಮ ಶುರುವಾದದ್ದು 1959ರಲ್ಲಿ. ಛಲ ಇರುವ ವಿದ್ಯಾರ್ಥಿಗಳಿಗೆ ಮಹಾಗ್ರಂಥಗಳ ಓದು, ಪ್ರಬಂಧ, ಚರ್ಚೆ. ಬಹಳ ಚೆಂದ. ಆದರೆ ಕಪ್ಪು ಜನರಿಗೆ ಆ ವಿಶ್ವವಿದ್ಯಾಲಯದ ಗೇಟು ತೆರೆಯಬೇಕೆಂದು ಅದರ ಟ್ರಸ್ಟಿಗಳು ತೀರ್ಮಾನ ಮಾಡಿದ್ದು 1963ರ ನವೆಂಬರಿನಲ್ಲಿ. ಅಲ್ಲಿಂದ ಮೊದಲ ಕಪ್ಪು ಪದವೀಧರರು ಹೊರಬಂದದ್ದು 1967ರಲ್ಲಿ.

ಲೆಕ್ಕ ಹಾಕಿ ಗೆಳೆಯರೆ. 1959ರಿಂದ 1963ರವರೆಗೆ ಅಲ್ಲಿ ಛಲ ಅಂದರೆ ಬಿಳಿಯರ ಛಲ. ಅದೇ ವೇಕೋ ಊರಿನಲ್ಲಿ ಹತ್ತಿ ಬಿಡಿಸುತ್ತಾ, ಪಾತ್ರೆ ತೊಳೆಯುತ್ತಾ, ರಾತ್ರಿ ದೀಪದಲ್ಲಿ ಬೈಬಲ್ ಓದುತ್ತಿದ್ದ ಕಪ್ಪು ಹುಡುಗಿಗೆ ಛಲ ಇರಲಿಲ್ಲವೇ? ಇತ್ತು. ಆದರೆ ಅದನ್ನು ಅಳೆಯೋ ಅಳತೆಗೋಲು ಗೇಟಿನ ಒಳಗಿತ್ತು, ಅವಳು ಗೇಟಿನ ಹೊರಗಿದ್ದಳು. ದೇವರು ಮಾತ್ರ ಇಬ್ಬರಿಗೂ ಒಬ್ಬನೇ!

ಆ ಊರಿನ ಹೆಸರು ನಿಮಗೆ ನೆನಪಿರಲಿ. 1916ರ ಮೇ 15ರಂದು ಜೆಸ್ಸಿ ವಾಷಿಂಗ್ಟನ್ ಎಂಬ ಹದಿನೇಳು ವರ್ಷದ ಕಪ್ಪು ಕೂಲಿ ಹುಡುಗನನ್ನು, ಬಿಳಿಯರೇ ತುಂಬಿದ್ದ ಜ್ಯೂರಿ ನಿಮಿಷಗಳಲ್ಲಿ ತಪ್ಪಿತಸ್ಥ ಅಂದ ಕೂಡಲೆ, ಕೋರ್ಟಿನಿಂದ ಎಳಕೊಂಡು ಬಂದು ಊರ ನಡುವೆ ಜೀವಂತ ಸುಟ್ಟರು. ಹತ್ತು ಸಾವಿರಕ್ಕೂ ಮಿಕ್ಕ ಜನ ನಿಂತು ನೋಡಿದರು. ಫೋಟೋ ತೆಗೆದು ಕಾರ್ಡು ಮಾಡಿ ಮಾರಿದರು.

ಈಗ ಇನ್ನೊಂದು ತಾರೀಖು ಹೇಳ್ತೀನಿ. 1916ರ ಮೇ 9. ಜೆಸ್ಸಿಯನ್ನು ಸುಡುವುದಕ್ಕೆ ಆರು ದಿನ ಮುಂಚೆ. ಅದೇ ಅಮೆರಿಕದ ನ್ಯೂಯಾರ್ಕಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಿನಲ್ಲಿ, ಇಪ್ಪತ್ತೈದು ವರ್ಷದ ಒಬ್ಬ ಮಹಾರ್ ಯುವಕ ಎದ್ದು ನಿಂತು ಭಾರತದ ಜಾತಿಗಳ ಬಗ್ಗೆ ತಾನು ಬರೆದ ಪ್ರಬಂಧ ಓದಿದ. ಜಾತಿ ಹೇಗೆ ಹುಟ್ಟಿತು, ಹೇಗೆ ನಿಂತಿದೆ ಅಂತ ಬಿಡಿಸಿ ಇಟ್ಟ. ಆ ಯುವಕ ನಮ್ಮ ಬಾಬಾಸಾಹೇಬರು.

ಒಂದೇ ದೇಶ, ಒಂದೇ ವಾರ. ಒಂದು ಕಡೆ ತುಳಿತಕ್ಕೆ ಸಿಕ್ಕವನ ಮೈ ಉರೀತಿದೆ. ಇನ್ನೊಂದು ಕಡೆ ತುಳಿತಕ್ಕೆ ಸಿಕ್ಕವನ ಬುದ್ಧಿ ಉರೀತಿದೆ. ಈ ಎರಡು ತಾರೀಖು ಒಟ್ಟಿಗೆ ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ಆ ಮೇಜಿಗೆ ಹೋದದ್ದು ಬರೋಡ ಮಹಾರಾಜರ ಸ್ಕಾಲರ್‌ಶಿಪ್ಪಿನಿಂದ. ಯಾರೋ ಒಬ್ಬರು 'ಇದು ನಿಮ್ಮಂಥೋರಿಗಲ್ಲ' ಅಂದಿದ್ದರೆ, ಅವರು ಅದನ್ನು ನಂಬಿದ್ದರೆ, ನಮ್ಮ ಗತಿ ಏನಾಗ್ತಿತ್ತು?

ಹಾಗಂತ ಕ್ರೈಸ್ತರ ಕಾಲೇಜೆಲ್ಲ ಬೇಲರ್ ಅಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮರುವರ್ಷವೇ, 1866ರಲ್ಲಿ, ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ ನ್ಯಾಶ್‌ವಿಲ್ಲಿನಲ್ಲಿ ಫಿಸ್ಕ್ ಶಾಲೆ ತೆರೆದವರೂ ಕ್ರೈಸ್ತ ಮಿಷನರಿಗಳೇ. ಅಲ್ಲಿ ಓದಿ 1888ರಲ್ಲಿ ಪದವಿ ಪಡೆದವರು ಡು ಬೋಯ್ಸ್. ಜೆಸ್ಸಿಯ ಕೊಲೆಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿ ಲೋಕಕ್ಕೆ ತೋರಿಸಿದವರು ಅವರು. 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದದ್ದು ಅವರಿಗೇ. ಒಂದೇ ಬೈಬಲ್ ಓದಿದ ಒಂದು ಗುಂಪು ಗೇಟು ಹಾಕಿತು, ಇನ್ನೊಂದು ಗುಂಪು ಗೇಟು ತೆರೆಯಿತು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಕಾಲೇಜು ಯಾವ ಗುಂಪಿಗೆ ಸೇರಿದ್ದು, ಸ್ವಾಮಿ?

ನಮ್ಮ ನಾಡಿಗೆ ಬನ್ನಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಒಬ್ಬ ಮಹಾರ್ ಹುಡುಗನಿಗೆ ಸೀಟು ಇಲ್ಲ ಅಂದರು. ಅವನ ಪರವಾಗಿ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಒಬ್ಬ ಮಹಾರನಿಗಾಗಿ ಮೇಲ್ಜಾತಿ ಮಕ್ಕಳು ಶಾಲೆ ಬಿಟ್ಟುಹೋಗೋದು ಬೇಡ ಅನ್ನೋ ಲೆಕ್ಕದಲ್ಲಿ ಸರ್ಕಾರ ಕೈ ತೊಳೆದುಕೊಂಡಿತು. ಅಂಥ ಕಾಲದಲ್ಲಿ ನಮ್ಮವರನ್ನು ಒಳಗೆ ಕೂರಿಸಿ ಅಕ್ಷರ ಕಲಿಸಿದ ಮಿಷನ್ ಶಾಲೆಗಳಿದ್ದವು. ಆ ಋಣ ನಾವು ಮರೆಯೋದಿಲ್ಲ.

ಆದರೆ ಈಗ? ಮಂಗಳೂರಿನಲ್ಲಿ 1880ರಲ್ಲಿ, ಬೆಂಗಳೂರಿನಲ್ಲಿ 1882ರಲ್ಲಿ ಶುರುವಾದ ಹಳೇ ಕ್ರೈಸ್ತ ಕಾಲೇಜುಗಳು ಈಗ ವಿಶ್ವವಿದ್ಯಾಲಯಗಳೇ ಆಗಿವೆ. 2005ರಲ್ಲಿ ಸಂವಿಧಾನಕ್ಕೆ 93ನೇ ತಿದ್ದುಪಡಿ ಬಂದು, ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಬಹುದು ಅಂತಾಯಿತು. ಆದರೆ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟರು. ಅಲ್ಪಸಂಖ್ಯಾತರ ಹಕ್ಕನ್ನು ಕಿತ್ತುಕೊಳ್ಳಿ ಅಂತ ನಾನು ಹೇಳೋದಿಲ್ಲ. ಆ ಹಕ್ಕು ಹೋದರೆ ನಾಳೆ ನಮ್ಮ ಹಕ್ಕಿಗೂ ಕೈ ಹಾಕೋ ಜನ ಕಾದಿದ್ದಾರೆ. ನಾನು ಹೇಳೋದು ಇಷ್ಟೆ: ಮೀಸಲಾತಿ ಕಡ್ಡಾಯ ಅಲ್ಲ ಅಂತ ಕಾನೂನು ಹೇಳುತ್ತದೆ, ದಲಿತರಿಗೆ ಸೀಟು ಕೊಡಬೇಡಿ ಅಂತ ಎಲ್ಲೂ ಹೇಳಿಲ್ಲ. ಇನ್ನು ಕ್ರೈಸ್ತರಾದ ನಮ್ಮ ಕೇರಿಯ ಜನರ ಪಾಡು ಇನ್ನೂ ಕಷ್ಟ. 1950ರ ರಾಷ್ಟ್ರಪತಿ ಆದೇಶದಲ್ಲಿ ಅವರಿಗೆ ಜಾಗ ಇರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತರನ್ನು ಹೊರಗೇ ಬಿಟ್ಟರು. ಚರ್ಚಿನಲ್ಲಿ ಹೊಲೆಯ, ಸರ್ಕಾರದ ಕಾಗದದಲ್ಲಿ ಹೊಲೆಯ ಅಲ್ಲ!

ಇದರ ಮೇಲೆ ಆನರ್ಸಿನ ಜರಡಿ. 2022ರ ಡಿಸೆಂಬರಿನಲ್ಲಿ ಯು.ಜಿ.ಸಿ. ನಿಯಮ ಮಾಡಿತು. ನಾಲ್ಕು ವರ್ಷ ಓದಿದರೆ ಆನರ್ಸ್. ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಬಂದರೆ ಮಾತ್ರ ಸಂಶೋಧನೆಯ ಆನರ್ಸ್. ನಮ್ಮ ರಾಜ್ಯ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದು, 2024ರಲ್ಲಿ ಬಿಟ್ಟು, ಮೂರು ವರ್ಷಕ್ಕೆ ವಾಪಸು ಬಂತು. ಮಧ್ಯೆ ಸಿಕ್ಕಿಕೊಂಡ ಹುಡುಗರು ಎಷ್ಟು ಒದ್ದಾಡಿದರು ಅನ್ನೋದು ನಿಮ್ಮ ಹಾಸ್ಟೆಲಿನಲ್ಲೇ ಕೇಳಿ. ನಾಲ್ಕನೇ ವರ್ಷ ಅಂದರೆ ಶ್ರೀಮಂತನ ಮಗನಿಗೆ ಇನ್ನೊಂದು ವರ್ಷದ ಓದು. ನಮಗೆ ಇನ್ನೊಂದು ವರ್ಷ ಅವ್ವನ ಕೂಲಿ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಕಳಕೊಂಡ ಅಂಕ ಆರನೇ ಸೆಮಿಸ್ಟರಿನವರೆಗೂ ಬೆನ್ನು ಹತ್ತುತ್ತದೆ.

ಇದಕ್ಕೆ ನಮ್ಮಲ್ಲೇ ಎರಡು ಉತ್ತರ ಇವೆ. ಒಂದು: 'ಆನರ್ಸ್ ಅನ್ನೋದೇ ಹೊಸ ಬ್ರಾಹ್ಮಣ್ಯ, ಅದರ ಸಹವಾಸ ಬೇಡ.' ಕೇಳೋಕೆ ಕ್ರಾಂತಿಕಾರಿಯಾಗಿದೆ. ನಾನು ಆ ಹುಡುಗನಿಗೆ ಹೇಳಿದ್ದೂ ಇದನ್ನೇ. ಆದರೆ ಮೇಜು ಬೇಡ ಅಂತ ನಾವು ಎದ್ದು ಹೋದರೆ ಅವರಿಗೆ ನಷ್ಟ ಏನು? ನಾಲ್ಕು ಕುರ್ಚಿ ಆರಾಮಾಗಿ ಸಿಕ್ಕಿದವು ಅಂತಾರೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು, ದಲಿತ ಹುಡುಗರು ಇಂಗ್ಲಿಷ್ ಕಲೀಬೇಕು ಅಂದರು. ಅದಕ್ಕೆ ಮಂತ್ರಿ ಪದವಿ ಹೋಯಿತು, ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರನ್ನು ಹೊಡೆದರು. ನಾವು ಓದಿ ಬಿಡ್ತೀವಿ ಅನ್ನೋ ಭಯ ಇಲ್ಲದಿದ್ದರೆ ಅಷ್ಟು ಕೋಪ ಯಾಕೆ ಬರ್ತಿತ್ತು?

ಇನ್ನೊಂದು ಉತ್ತರ: 'ನನಗೆ ಸೀಟು ಸಿಕ್ಕಿತು, ನಾನು ಬಚಾವು.' ಇದು ಇನ್ನೂ ಅಪಾಯ. ಕಪ್ಪು ಜನರಲ್ಲಿ ಹತ್ತರಲ್ಲೊಬ್ಬ ಪ್ರತಿಭಾವಂತ ಓದಿ ಮೇಲೆ ಬಂದು ಉಳಿದವರನ್ನು ಎತ್ತುತ್ತಾನೆ ಅಂತ ಡು ಬೋಯ್ಸ್ 1903ರಲ್ಲಿ ಬರೆದಿದ್ದರು. 1948ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರೇ ಅದನ್ನು ತಿದ್ದಿಕೊಂಡರು. ಮೇಲೆ ಬಂದವನು ತ್ಯಾಗಕ್ಕೆ ಸಿದ್ಧ ಇಲ್ಲದಿದ್ದರೆ ತನ್ನ ಹೊಟ್ಟೆಯನ್ನಷ್ಟೇ ನೋಡಿಕೊಳ್ಳುತ್ತಾನೆ ಅನ್ನೋದನ್ನು ಅವರು ಕಂಡಿದ್ದರು. ನಮ್ಮಲ್ಲೂ ಓದಿ ಕ್ವಾರ್ಟರ್ಸ್ ಸೇರಿ, ಕೇರಿಯ ದಾರಿ ಮರೆತ ಅಣ್ಣಂದಿರು ಕಮ್ಮಿಯೇ?

ಹಾಗಾದರೆ ಏನು ಮಾಡೋಣ? ಒಳಗೆ ಹೋಗೋಣ, ಆದರೆ ಒಬ್ಬೊಬ್ಬರಾಗಿ ಅಲ್ಲ. ಆನರ್ಸ್ ನಡೆಸೋ ಕ್ರೈಸ್ತ ಸಂಸ್ಥೆಗಳನ್ನು ಮರ್ಯಾದೆಯಿಂದ, ಗಟ್ಟಿಯಾಗಿ ಕೇಳೋಣ. ಅರ್ಜಿಯ ಪುಟವನ್ನು ಕನ್ನಡದಲ್ಲೂ ಬರೆಯಲು ಬಿಡಿ. ರಜದಲ್ಲಿ ಏನು ಓದಿದೆ ಅಂತ ಕೇಳುವಾಗ, ರಜದಲ್ಲಿ ಎಷ್ಟು ದುಡಿದೆ ಅಂತಲೂ ಕೇಳಿ, ಅದನ್ನೂ ಛಲದ ಲೆಕ್ಕಕ್ಕೆ ಹಿಡಿಯಿರಿ. ಸ್ಕಾಲರ್‌ಶಿಪ್ ತಡವಾಯಿತು ಅಂತ ಯಾರನ್ನೂ ಹೊರಗೆ ನಿಲ್ಲಿಸಬೇಡಿ. ಹಾಸ್ಟೆಲಿನ ಊಟದ ಹೊತ್ತು, ಕೊನೇ ಬಸ್ಸಿನ ಹೊತ್ತು ನೋಡಿ ತರಗತಿ ಇಡಿ. ವರ್ಷ ವರ್ಷ ಆನರ್ಸಿಗೆ ಎಷ್ಟು ದಲಿತರು, ಎಷ್ಟು ಆದಿವಾಸಿಗಳು, ಎಷ್ಟು ಕ್ರೈಸ್ತ ದಲಿತರು ಸೇರಿದರು ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿ. ಸಂಖ್ಯೆ ಬಚ್ಚಿಡುವವರು ಸಮಾನತೆಯ ಉಪದೇಶ ಮಾಡಬಾರದು.

ಅವರು ಕೊಡೋವರೆಗೆ ಕಾಯೋದೂ ಬೇಡ. ಮೇಜು, ನಾಲ್ಕಾರು ಜನ, ಒಂದು ಪ್ರಬಂಧ, ಪ್ರಶ್ನೆ. ಆನರ್ಸಿನ ಗುಟ್ಟು ಇಷ್ಟೇ ತಾನೇ? ನಮ್ಮ ಹಾಸ್ಟೆಲಿನಲ್ಲಿ ಮೇಜಿಲ್ಲದಿದ್ದರೆ ಚಾಪೆ ಇದೆ. ಪ್ರತಿ ಗುರುವಾರ ಊಟ ಆದ ಮೇಲೆ ಒಬ್ಬ ಓದಲಿ, ಉಳಿದವರು ಜಗಳ ಆಡಲಿ. ಮೊದಲ ವಾರ, ಬಾಬಾಸಾಹೇಬರು 1916ರ ಆ ದಿನ ಓದಿದ ಪ್ರಬಂಧ. ಆಮೇಲೆ ನಿಮ್ಮ ನಿಮ್ಮ ಕೇರಿ. ಯಾರ ಹೆಸರಿಗೆ ಎಷ್ಟು ಗುಂಟೆ ಇದೆ, ನೀರು ಎಲ್ಲಿಂದ ಬರುತ್ತೆ, ಹೆಣ ಎಲ್ಲಿ ಹೂಳ್ತಾರೆ, ಶಾಲೆ ಬಿಟ್ಟವರು ಯಾರು, ಯಾಕೆ ಬಿಟ್ಟರು. ಇದನ್ನು ಯಾವ ಪ್ರೊಫೆಸರೂ ನಮಗಿಂತ ಚೆನ್ನಾಗಿ ಬರೆಯಲಾರ. ಹುಡುಗಿಯರ ಹಾಸ್ಟೆಲಿನಲ್ಲೂ ಶುರುವಾಗಲಿ. ಮನೆಯಲ್ಲಿ ನಾಲ್ಕನೇ ವರ್ಷಕ್ಕೆ ಮೊದಲು ಬೇಡ ಅನ್ನಿಸಿಕೊಳ್ಳುವವರು ಅವರು.

ಆ ಕೊಳ್ಳೇಗಾಲದ ಹುಡುಗನನ್ನು ಮೊನ್ನೆ ಕಂಡೆ. ಈಗಲೂ ಛತ್ರದಲ್ಲಿ ಬಡಿಸ್ತಾನೆ, ಈಗಲೂ ಓದ್ತಾನೆ. ಮುಂದಿನ ವರ್ಷ ಎಂ.ಎ.ಗೆ ಅರ್ಜಿ ಹಾಕ್ತಾನಂತೆ. 'ಕಾಗದ ತಗೊಂಬಾ, ಒಟ್ಟಿಗೆ ಕೂತು ಬರೆಯೋಣ' ಅಂದೆ. ಅವನು ನನ್ನ ಮುಖ ನೋಡಿದ. 'ಈ ಸಲ ನಮ್ಮಂಥೋರಿಗಾ ಅಣ್ಣಾ?' ಅಂದ.

ಹೌದು ತಮ್ಮ. ನಮ್ಮಂಥೋರಿಗೇ.

ಜೈ ಭೀಮ್.